ಗುಲಾಬಿ ತೋಟದ ಭರವಸೆ ಕೊಡದ ವೈದ್ಯೆ

ಮನೆಯಲ್ಲಿ ಮಗಳಿಗೆ ಟೈಫಾಯ್ಡ್ ಬಂದರೆ ನೀವೇನು ಮಾಡುತ್ತೀರಿ? ಅಂದೇ ವೈದ್ಯರ ಬಳಿಗೆ ಕರೆದೊಯ್ಯುತ್ತೀರಿ. ನೆರೆಮನೆಯವರು ಗಂಜಿ ಮಾಡಿ ತರುತ್ತಾರೆ. ಸಂಬಂಧಿಕರು ಫೋನ್ ಮಾಡಿ ವಿಚಾರಿಸುತ್ತಾರೆ. ಕಾಯಿಲೆ ಬಂತೆಂದು ಮಗಳನ್ನು ಯಾರೂ ಬಯ್ಯುವುದಿಲ್ಲ, ನಿಮ್ಮನ್ನೂ ಯಾರೂ ದೂರುವುದಿಲ್ಲ.

ಅದೇ ಮಗಳು ಒಂದು ದಿನ ಕಾಲೇಜಿಗೆ ಹೋಗುವುದನ್ನು ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ? ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಯಾರೂ ಇಲ್ಲದ ಮೂಲೆಯ ಕಡೆ ನೋಡಿ ಮಾತನಾಡತೊಡಗಿದರೆ? ಆಗ ನಾವು ಮೊದಲು ಮಾಡುವ ಕೆಲಸ ಮನೆಯ ಕಿಟಕಿ ಮುಚ್ಚುವುದು. ಯಾರಾದರೂ ಕೇಳಿದರೆ, "ಅವಳು ಅಜ್ಜಿ ಮನೆಗೆ ಹೋಗಿದ್ದಾಳೆ" ಎಂದು ಹೇಳುವುದು. ತಂಗಿಯಂದಿರ ಮದುವೆಗೆ ಅಡ್ಡಿಯಾದೀತೆಂಬ ಭಯ, ಕುಟುಂಬದ ಹೆಸರು ಕೆಟ್ಟೀತೆಂಬ ಭಯ. ಈ ಭಯಗಳ ನಡುವೆ ಕಾಯಿಲೆ ಬಿದ್ದಿರುವ ಹುಡುಗಿಯನ್ನೇ ನಾವು ಮರೆತುಬಿಡುತ್ತೇವೆ.

ಇದು ನಮ್ಮ ಊರಿನ, ನಮ್ಮ ಸಮುದಾಯದ ದೌರ್ಬಲ್ಯ ಮಾತ್ರ ಎಂದು ತಿಳಿಯಬೇಡಿ. ದೂರದ ಅಮೆರಿಕದಲ್ಲಿ, ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, ಒಂದು ಅನುಕೂಲಸ್ಥ ಕುಟುಂಬ ತನ್ನ ಹದಿನಾರು ವರ್ಷದ ಮಗಳ ವಿಷಯದಲ್ಲಿ ಇದನ್ನೇ ಮಾಡಿತು. ಆ ಕಥೆಯನ್ನು ಹೇಳುವ ಕಾದಂಬರಿಯೊಂದಿದೆ. ಅದರ ಹೆಸರು 'ಐ ನೆವರ್ ಪ್ರಾಮಿಸ್ಡ್ ಯು ಎ ರೋಸ್ ಗಾರ್ಡನ್'. ನಾನು ನಿನಗೆ ಗುಲಾಬಿ ತೋಟದ ಭರವಸೆಯನ್ನು ಎಂದೂ ಕೊಟ್ಟಿರಲಿಲ್ಲ ಎಂದು ಅದರ ಅರ್ಥ. 1964ರಲ್ಲಿ ಅದು ಪ್ರಕಟವಾದಾಗ ಮುಖಪುಟದಲ್ಲಿ ಹಾನಾ ಗ್ರೀನ್ ಎಂಬ ಹೆಸರಿತ್ತು. ಅದು ಲೇಖಕಿಯ ನಿಜವಾದ ಹೆಸರಾಗಿರಲಿಲ್ಲ. ಜೋನ್ ಗ್ರೀನ್‌ಬರ್ಗ್ ಎಂಬಾಕೆ ತನ್ನ ಸ್ವಂತ ಅನುಭವವನ್ನೇ ಕಾದಂಬರಿಯಾಗಿ ಬರೆದು, ಹೆಸರನ್ನು ಮುಚ್ಚಿಟ್ಟಿದ್ದರು. ಗುಣಮುಖಳಾಗಿ, ಮದುವೆಯಾಗಿ, ಎರಡು ಮಕ್ಕಳ ತಾಯಿಯಾದ ಮೇಲೂ ಆಕೆಗೆ ಹೆಸರು ಮರೆಮಾಡಬೇಕೆನಿಸಿತು. ಆ ಕಾಯಿಲೆಗೆ ಅಂಟಿದ ಅವಮಾನ ಎಷ್ಟು ಆಳವಾದದ್ದು ಎಂಬುದು ಇದರಿಂದಲೇ ನಿಮಗೆ ತಿಳಿಯುತ್ತದೆ.

ಸುಳ್ಳಿನಿಂದ ಆರಂಭವಾದ ಪ್ರಯಾಣ

ಕಾದಂಬರಿಯ ನಾಯಕಿ ಡೆಬೊರಾ ಬ್ಲಾವ್. ತಂದೆ ಜೇಕಬ್, ತಾಯಿ ಎಸ್ತರ್ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಮಾನಸಿಕ ಆಸ್ಪತ್ರೆಗೆ ಕರೆದೊಯ್ಯುವುದರೊಂದಿಗೆ ಕಥೆ ಆರಂಭವಾಗುತ್ತದೆ. ತಮ್ಮ ಮುದ್ದಿನ ಮಗಳನ್ನು ಕಬ್ಬಿಣದ ಸರಳುಗಳ ಕಿಟಕಿಯಿರುವ ಕಟ್ಟಡದೊಳಗೆ ಬಿಟ್ಟು ಅವರು ಮನೆಗೆ ಮರಳುತ್ತಾರೆ. ಮನೆಯಲ್ಲಿ ಕಿರಿಯ ಮಗಳು ಸೂಸಿ ಇದ್ದಾಳೆ. ಅಜ್ಜ, ಅಜ್ಜಿ, ಬಂಧುಗಳಿದ್ದಾರೆ. ಅವರಿಗೆಲ್ಲ ಏನು ಹೇಳುವುದು? ದೇಹ ಸುಧಾರಿಸಿಕೊಳ್ಳುವ ಒಂದು ಶಾಲೆಗೆ ಅವಳನ್ನು ಸೇರಿಸಿದ್ದೇವೆ ಎಂದು ಕಥೆ ಕಟ್ಟಲಾಗುತ್ತದೆ.

ಆ ತಾಯಿಯನ್ನು ಕಟುಕಿ ಎಂದು ತಿಳಿಯಬೇಡಿ. ಎಸ್ತರ್ ಪ್ರೀತಿಯ ತಾಯಿ. ನಾನೆಲ್ಲಿ ತಪ್ಪಿದೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ತಂದೆಗಂತೂ ಮಗಳು ಕಾಯಿಲೆಯವಳೆಂದು ಒಪ್ಪಿಕೊಳ್ಳಲು ಮನಸ್ಸಿಲ್ಲ. ಮನೆಗೆ ಕರೆತಂದು ಪ್ರೀತಿಯಿಂದ ನೋಡಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬುದು ಅವನ ಆಸೆ. ಈ ತಂದೆತಾಯಿಯರ ಸಂಕಟವನ್ನು ಓದುವಾಗ, ಇವರು ನಮ್ಮ ಪಕ್ಕದ ಮನೆಯವರೇನೋ ಎನಿಸುತ್ತದೆ.

ಡೆಬೊರಾ ಹೀಗೇಕಾದಳು? ಕಾದಂಬರಿ ಯಾವುದೋ ಒಂದು ಕಾರಣವನ್ನು ತೋರಿಸಿ ಕೈತೊಳೆದುಕೊಳ್ಳುವುದಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಉಳಿದ ಗಾಯಗಳನ್ನು ಒಂದೊಂದಾಗಿ ಬಿಚ್ಚಿಡುತ್ತದೆ. ಐದು ವರ್ಷದವಳಿದ್ದಾಗ ಮೂತ್ರನಾಳದಲ್ಲಿ ಗಡ್ಡೆ ಬೆಳೆದು ಅವಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ನೋವಾಗುವುದಿಲ್ಲ ಎಂದು ಹೇಳಿ ದೊಡ್ಡವರು ಮಗುವನ್ನು ಒಪ್ಪಿಸಿದ್ದರು. ನೋವು ಮಾತ್ರ ವಿಪರೀತವಾಗಿತ್ತು. ದೊಡ್ಡವರು ಸುಳ್ಳು ಹೇಳುತ್ತಾರೆ ಎಂಬ ಪಾಠವನ್ನು ಆ ಮಗು ಅಂದೇ ಕಲಿಯಿತು.

ಇನ್ನೊಂದು ಗಾಯ ಅವಳ ಸಮುದಾಯಕ್ಕೆ ಸಂಬಂಧಿಸಿದ್ದು. ಅವರದು ಯಹೂದಿ ಕುಟುಂಬ. ಅಜ್ಜ ಯುರೋಪಿನಿಂದ ಬರಿಗೈಯಲ್ಲಿ ವಲಸೆ ಬಂದು, ಹಠದಿಂದ ದುಡಿದು ಶ್ರೀಮಂತನಾದವನು. ಮೊಮ್ಮಗಳು ಎಲ್ಲರಿಗಿಂತ ಜಾಣೆಯಾಗಿ ತನ್ನನ್ನು ಹೀಗಳೆದವರಿಗೆ ಉತ್ತರ ಕೊಡಬೇಕೆಂಬುದು ಅವನ ಬಯಕೆ. ಆದರೆ ನೆರೆಹೊರೆಯಲ್ಲೂ ಬೇಸಿಗೆ ಶಿಬಿರದಲ್ಲೂ ಮಕ್ಕಳು ಅವಳನ್ನು ಹುಟ್ಟಿನ ಕಾರಣಕ್ಕೆ ದೂರವಿಟ್ಟರು. ಹೊರಗೆ ತಿರಸ್ಕಾರ, ಒಳಗೆ ಎಲ್ಲರನ್ನೂ ಮೀರಿಸಬೇಕೆಂಬ ಒತ್ತಡ. ಹೆಸರು ಕೇಳಿದ ಕೂಡಲೇ ಎದುರಿಗಿದ್ದವರ ಮುಖ ಬದಲಾಗುವುದನ್ನು ಕಂಡ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಶಾಲೆಯಿಂದ ಬಂದ ಮಗು ಬ್ಯಾಗ್ ಎಸೆದು ಮೌನವಾಗಿ ಕುಳಿತರೆ, ಅಂಕ ಎಷ್ಟು ಬಂತೆಂದು ಕೇಳುವ ಮೊದಲು ಇವತ್ತು ಏನಾಯಿತೆಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಡವೇ?

ಮನಸ್ಸಿನೊಳಗೊಂದು ರಾಜ್ಯ

ಹೊರಗಿನ ಲೋಕದಲ್ಲಿ ನಿಲ್ಲಲು ಜಾಗವಿಲ್ಲದಾಗ ಡೆಬೊರಾ ಮನಸ್ಸಿನೊಳಗೆ ಒಂದು ರಾಜ್ಯವನ್ನೇ ಕಟ್ಟಿಕೊಂಡಳು. ಅದಕ್ಕೆ 'ಇರ್' ಎಂದು ಹೆಸರು. ಅದಕ್ಕೆ ಅದರದೇ ಭಾಷೆ, ಅದರದೇ ಕಾಲಮಾನ, ಅದರದೇ ಒಡೆಯರು. ಮೊದಮೊದಲು ಅದು ಅವಳಿಗೆ ನೆಮ್ಮದಿಯ ತಾಣವಾಗಿತ್ತು. ಕಾಲಕ್ರಮೇಣ ಆ ಒಡೆಯರು ಅವಳನ್ನು ಆಳತೊಡಗಿದರು, ಹೆದರಿಸತೊಡಗಿದರು, ಅವಳು ಹೊಲಸೆಂದು ಹಂಗಿಸತೊಡಗಿದರು. ಆಶ್ರಯಕ್ಕೆಂದು ಕಟ್ಟಿದ ಮನೆಯೇ ಸೆರೆಮನೆಯಾಯಿತು. ಜಗತ್ತಿನ ಬಣ್ಣಗಳು ಅವಳ ಕಣ್ಣಿಗೆ ಮಾಸಿಹೋದವು. ಎದುರಿನ ವಸ್ತುಗಳೂ ಚಪ್ಪಟೆಯಾಗಿ ಕಾಣತೊಡಗಿದವು.

ಸಹೋದರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಕಾಯಿಲೆಯಾದ ಹುಡುಗಿ ತನಗೆ ಧ್ವನಿಗಳು ಕೇಳಿಸುತ್ತವೆ ಎಂದಾಗ ನಮ್ಮಲ್ಲಿ ಅನೇಕರು ಕೂಡಲೇ ಗಾಳಿ ಸೋಕಿದೆ, ಜಿನ್ನ್ ಮೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ತಾಯಿತ ಕಟ್ಟಿಸುತ್ತಾರೆ, ಊರೂರು ಅಲೆಯುತ್ತಾರೆ. ಕೆಲವು ಕಡೆ ಹೊಡೆತ, ಹೊಗೆ ಹಾಕುವುದೂ ನಡೆಯುತ್ತದೆ. ಇನ್ನು ಕೆಲವರು ನಾಟಕ ಮಾಡುತ್ತಿದ್ದಾಳೆ ಎಂದು ಗದರಿಸುತ್ತಾರೆ. ಹೀಗೆ ತಿಂಗಳುಗಳು, ವರ್ಷಗಳು ಕಳೆದುಹೋಗುತ್ತವೆ. ಮಗಳಿಗಾಗಿ ದುಆ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ. ಜ್ವರ ಬಂದಾಗ ದುಆವನ್ನೂ ಮಾಡುತ್ತೀರಿ, ಮಾತ್ರೆಯನ್ನೂ ಕೊಡುತ್ತೀರಲ್ಲವೇ? ಮನಸ್ಸಿನ ಕಾಯಿಲೆಗೆ ಮಾತ್ರ ಬೇರೆ ನಿಯಮ ಏಕೆ? ಆ ಧ್ವನಿ ಕೇಳಿಸುವುದು ಹುಡುಗಿಯ ತಪ್ಪಲ್ಲ, ಸುಳ್ಳೂ ಅಲ್ಲ. ಅವಳ ಪಾಲಿಗೆ ಅದು ನಿಮ್ಮ ಧ್ವನಿಯಷ್ಟೇ ಸ್ಪಷ್ಟ.

ಬಾಗಿಲು ತೆರೆದ ಹೆಂಗಸು

ಕಾದಂಬರಿಯ ಅತ್ಯಂತ ಆಪ್ತವಾದ ಪಾತ್ರ ಡಾಕ್ಟರ್ ಫ್ರೀಡ್ ಅವರದು. ಡೆಬೊರಾ ಮೊದಲ ಸಲ ಅವರನ್ನು ಕಾಣಲು ಹೋದಾಗ, ಗುಂಡಗಿನ ಗಿಡ್ಡ ಹೆಂಗಸೊಬ್ಬರು ಬಾಗಿಲು ತೆರೆಯುತ್ತಾರೆ. ಮನೆಗೆಲಸದವರಿರಬೇಕೆಂದು ಹುಡುಗಿ ಭಾವಿಸುತ್ತಾಳೆ. ಅವರೇ ಹೆಸರಾಂತ ವೈದ್ಯೆ ಎಂದು ನಂತರ ತಿಳಿಯುತ್ತದೆ.

ಡಾಕ್ಟರ್ ಫ್ರೀಡ್ ಉಪದೇಶ ಮಾಡುವುದಿಲ್ಲ. "ಧೈರ್ಯ ತಂದುಕೋ, ಎಲ್ಲ ಸರಿಹೋಗುತ್ತದೆ" ಎಂಬ ಬಾಯಿಮಾತಿನ ಸಮಾಧಾನವನ್ನೂ ಹೇಳುವುದಿಲ್ಲ. ಅವರು ಕೇಳಿಸಿಕೊಳ್ಳುತ್ತಾರೆ. ಆ ಶಸ್ತ್ರಚಿಕಿತ್ಸೆಯ ಕಥೆ ಕೇಳಿದಾಗ, ಐದು ವರ್ಷದ ಮಗುವಿಗೆ ಸುಳ್ಳು ಹೇಳಿದ ವೈದ್ಯರ ಮೇಲೆ ಅವರಿಗೆ ಸಿಟ್ಟು ಬರುತ್ತದೆ. ತನ್ನ ಪರವಾಗಿ ಒಬ್ಬ ದೊಡ್ಡವರು ಸಿಟ್ಟಾದದ್ದನ್ನು ಕಂಡು ಹುಡುಗಿ ಬೆರಗಾಗುತ್ತಾಳೆ. ನಂಬಿಕೆ ಹುಟ್ಟುವುದು ಇಂತಹ ಕ್ಷಣಗಳಲ್ಲಿ.

ಇನ್ನೊಂದು ಪ್ರಸಂಗ ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕಾದದ್ದು. ತಂಗಿ ಸೂಸಿ ಹುಟ್ಟಿದಾಗ ತಾನು ಅವಳನ್ನು ಎತ್ತಿ ಕಿಟಕಿಯಿಂದ ಹೊರಗೆಸೆಯಲು ಹೋಗಿದ್ದೆ, ತಾಯಿ ಬಂದು ತಡೆದಳು ಎಂಬುದು ಡೆಬೊರಾಳ ನೆನಪು. ತಾನು ಕೊಲೆಗಾರ್ತಿ, ತನ್ನನ್ನು ಮುಟ್ಟಿದವರೂ ಹಾಳಾಗುತ್ತಾರೆ ಎಂದು ಅವಳು ನಂಬಿದ್ದಳು. ಡಾಕ್ಟರ್ ಫ್ರೀಡ್ ಆ ನೆನಪನ್ನು ಅವಳೊಂದಿಗೆ ತಾಳ್ಮೆಯಿಂದ ಬಿಡಿಸಿ ನೋಡುತ್ತಾರೆ. ಐದು ವರ್ಷದ ಹುಡುಗಿಗೆ ಅಷ್ಟು ಭಾರ ಎತ್ತಲು ಸಾಧ್ಯವಿತ್ತೇ? ಎತ್ತಿ ಕಿಟಕಿಯಾಚೆ ಹಿಡಿದು, ತಾಯಿ ಒಳಬರುವಷ್ಟರಲ್ಲಿ ಮತ್ತೆ ಜಾಗದಲ್ಲಿ ಮಲಗಿಸಲು ಆಗುತ್ತಿತ್ತೇ? ಆಗ ನಿಜ ಹೊರಬರುತ್ತದೆ. ಅಂತಹದೇನೂ ನಡೆದಿರಲಿಲ್ಲ. ಹೊಸ ಮಗುವಿನ ಮೇಲೆ ಅಸೂಯೆಪಟ್ಟ ಒಂದು ಪುಟ್ಟ ಮನಸ್ಸು, ಆ ಯೋಚನೆಯನ್ನೇ ಮಾಡಿದ ಪಾಪವೆಂದು ಹೊತ್ತುಕೊಂಡು ಬೆಳೆದಿತ್ತು. ನಡೆಯದ ಅಪರಾಧಕ್ಕೆ ಅವಳು ವರ್ಷಗಟ್ಟಲೆ ಶಿಕ್ಷೆ ಅನುಭವಿಸಿದ್ದಳು.

ಯೋಚಿಸಿ ನೋಡಿ. ತಂಗಿಯೋ ತಮ್ಮನೋ ಹುಟ್ಟಿದಾಗ ದೊಡ್ಡ ಮಗು ಹಠ ಮಾಡಿದರೆ, "ಎಂಥ ಕೆಟ್ಟ ಹುಡುಗಿ ನೀನು" ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ನಮಗೆ ಅದು ಮರುಗಳಿಗೆಯೇ ಮರೆತುಹೋಗುತ್ತದೆ. ಮಗುವಿಗೆ ಮರೆಯುವುದಿಲ್ಲ.

ಏನಿದು ಗುಲಾಬಿ ತೋಟ?

ಪುಸ್ತಕದ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಆಸ್ಪತ್ರೆಯ ನೌಕರನೊಬ್ಬ ಕಟ್ಟಿಹಾಕಿದ್ದ ರೋಗಿಯೊಬ್ಬಳನ್ನು ಹೊಡೆಯುವುದನ್ನು ಡೆಬೊರಾ ಕಣ್ಣಾರೆ ಕಾಣುತ್ತಾಳೆ. ದೂರು ಕೊಡುತ್ತಾಳೆ. ಹುಚ್ಚಿಯ ಮಾತನ್ನು ಯಾರು ನಂಬುತ್ತಾರೆ? ನ್ಯಾಯ ಸಿಗುವುದಿಲ್ಲ. ಗುಣವಾಗಿ ಸೇರಬೇಕಾದ ಲೋಕವೂ ಇಷ್ಟೇ ಅನ್ಯಾಯದ್ದಾದರೆ ತಾನೇಕೆ ಗುಣವಾಗಬೇಕು ಎಂಬುದು ಅವಳ ಪ್ರಶ್ನೆ. ಆಗ ಡಾಕ್ಟರ್ ಫ್ರೀಡ್ ಕೊಡುವ ಉತ್ತರದಿಂದಲೇ ಪುಸ್ತಕಕ್ಕೆ ಹೆಸರು ಬಂದಿದೆ. ಹೊರಗೆ ಹೂವಿನ ತೋಟ ಕಾದಿದೆ ಎಂದಾಗಲಿ, ಪೂರ್ಣ ನ್ಯಾಯ ಸಿಗುತ್ತದೆ ಎಂದಾಗಲಿ ಅವರು ಭರವಸೆ ಕೊಟ್ಟಿರಲಿಲ್ಲ. ಅನ್ಯಾಯವನ್ನು ಎದುರಿಸುವ ಸ್ವಾತಂತ್ರ್ಯವನ್ನು ಅವಳಿಗೆ ಮರಳಿ ಕೊಡಿಸುವುದಷ್ಟೇ ಅವರ ಕೆಲಸ.

ಎಷ್ಟು ಪ್ರಾಮಾಣಿಕವಾದ ಮಾತು! "ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎಂದು ಸಲಹೆ ಕೊಡುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು. ಕಾಯಿಲೆಯನ್ನು ಮುಚ್ಚಿಟ್ಟು ನಿಕಾಹ್ ಮಾಡಿಸಿದರೆ ಆಗುವುದೇನು? ಹೊಸ ಮನೆ, ಹೊಸ ಜನ, ಹೊಸ ಜವಾಬ್ದಾರಿ. ಸಿಕ್ಕಿಬೀಳುವ ಭಯದಿಂದ ಹುಡುಗಿ ಮಾತ್ರೆ ಬಿಡುತ್ತಾಳೆ. ಕಾಯಿಲೆ ಮರುಕಳಿಸುತ್ತದೆ. ಮೋಸ ಮಾಡಿದರೆಂಬ ಆರೋಪ ಬರುತ್ತದೆ, ಹುಡುಗಿ ತವರಿಗೆ ಮರಳುತ್ತಾಳೆ, ಕೆಲವೊಮ್ಮೆ ಮಡಿಲಲ್ಲಿ ಮಗುವಿನೊಂದಿಗೆ. ಮದುವೆ ಔಷಧಿಯಲ್ಲ. ಚಿಕಿತ್ಸೆ ಪಡೆದು ಚೇತರಿಸಿಕೊಂಡ ಹುಡುಗಿ, ಎದುರಿನವರಿಗೆ ವಿಷಯ ತಿಳಿಸಿ ಮದುವೆಯಾಗಿ ಬಾಳುವುದು ಬೇರೆ ಮಾತು.

ಡೆಬೊರಾ ಮೂರು ವರ್ಷ ಆಸ್ಪತ್ರೆಯಲ್ಲಿರುತ್ತಾಳೆ. ದಾರಿ ನೇರವಾಗಿರಲಿಲ್ಲ. ವೈದ್ಯೆ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರ ಜಾಗಕ್ಕೆ ಬಂದ ವೈದ್ಯರಿಗೆ ಅವಳ ಮಾತು ಅರ್ಥವಾಗಲಿಲ್ಲ, ಅವಳ ಸ್ಥಿತಿ ತೀರಾ ಹದಗೆಟ್ಟಿತು. ಸ್ವಲ್ಪ ಏಳುವುದು, ಮತ್ತೆ ಬೀಳುವುದು. ಆದರೂ ಒಂದು ದಿನ ಅವಳ ಕಣ್ಣಿಗೆ ಬಣ್ಣಗಳು ಮರಳುತ್ತವೆ. ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಿ ಪ್ರೌಢಶಾಲಾ ಮಟ್ಟದ ಪರೀಕ್ಷೆಯನ್ನು ಪಾಸು ಮಾಡುತ್ತಾಳೆ. ಅದಾದ ಮೇಲೂ ಒಮ್ಮೆ ಕುಸಿದು ಆಸ್ಪತ್ರೆಗೆ ಮರಳಬೇಕಾಗುತ್ತದೆ. ಕೊನೆಗೆ ಇರ್ ರಾಜ್ಯಕ್ಕೆ ವಿದಾಯ ಹೇಳಿ, ಈ ಲೋಕವನ್ನೇ ಆಯ್ದುಕೊಳ್ಳುತ್ತಾಳೆ.

ಇತ್ತ ತಂಗಿ ಸೂಸಿಗೆ ತಂದೆತಾಯಿ ಒಂದು ದಿನ ಸತ್ಯ ಹೇಳಲೇಬೇಕಾಗುತ್ತದೆ. ನೋಡಿದರೆ ಆ ಹುಡುಗಿ ಮೊದಲೇ ಊಹಿಸಿದ್ದಳು! ಮುಚ್ಚಿಟ್ಟೆವೆಂದು ದೊಡ್ಡವರು ಭಾವಿಸಿರುತ್ತಾರೆ. ಮನೆಯ ಮಕ್ಕಳಿಗೆ ಎಲ್ಲವೂ ಗೊತ್ತಿರುತ್ತದೆ.

ಕಥೆಯ ಹಿಂದಿನ ನಿಜ

ಕಾದಂಬರಿಯ ಆಸ್ಪತ್ರೆ ನಿಜವಾಗಿ ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್ ಪಟ್ಟಣದಲ್ಲಿದ್ದ ಚೆಸ್ಟ್‌ನಟ್ ಲಾಡ್ಜ್. ಜೋನ್ 1948ರಲ್ಲಿ ಅಲ್ಲಿಗೆ ಸೇರಿದ್ದರು. ಡಾಕ್ಟರ್ ಫ್ರೀಡ್ ಪಾತ್ರಕ್ಕೆ ಮೂಲವಾದವರು ಫ್ರೀಡಾ ಫ್ರೊಮ್-ರೈಖ್‌ಮನ್. 1889ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಮೊದಲ ಮಹಾಯುದ್ಧದಲ್ಲಿ ಮೆದುಳಿಗೆ ಪೆಟ್ಟುಬಿದ್ದ ಸೈನಿಕರ ಆರೈಕೆ ಮಾಡಿದ್ದರು. ಹಿಟ್ಲರನ ಆಡಳಿತ ಬಂದಾಗ ದೇಶ ಬಿಟ್ಟು, 1935ರಲ್ಲಿ ಅಮೆರಿಕ ಸೇರಿದರು. ನೆಲೆ ಕಳೆದುಕೊಂಡ ಆ ನಿರಾಶ್ರಿತೆ, ಮಾತಿಗೇ ಸಿಗದ ರೋಗಿಗಳೆಂದು ಇತರರು ಕೈಬಿಟ್ಟವರೊಂದಿಗೆ ಮಾತನಾಡುತ್ತಾ ಬದುಕು ಕಳೆದರು. 1957ರಲ್ಲಿ ತೀರಿಕೊಂಡರು. ತಮ್ಮನ್ನು ಅಮರಗೊಳಿಸಿದ ಪುಸ್ತಕವನ್ನು ಅವರು ನೋಡಲಿಲ್ಲ.

ಜೋನ್ ಪದವಿ ಪಡೆದರು, ಕುಟುಂಬ ಕಟ್ಟಿದರು, ಅನೇಕ ಕೃತಿಗಳನ್ನು ಬರೆದರು. 1970ರಲ್ಲಿ ಬಂದ ಅವರ ಇನ್ನೊಂದು ಹೆಸರಾಂತ ಕಾದಂಬರಿ ಕಿವುಡ ದಂಪತಿಯ ಬಾಳನ್ನು ಕುರಿತದ್ದು. ನಂತರದ ಮುದ್ರಣಗಳಲ್ಲಿ ಗುಲಾಬಿ ತೋಟದ ಪುಸ್ತಕಕ್ಕೂ ತಮ್ಮ ನಿಜ ಹೆಸರನ್ನೇ ಹಾಕಿಸಿದರು. 1977ರಲ್ಲಿ ಅದು ಚಲನಚಿತ್ರವಾಯಿತು. ಆದರೆ ಹುಡುಗಿ ಯಹೂದಿ ಎಂಬ ಅಂಶವನ್ನೇ ಚಿತ್ರದಿಂದ ತೆಗೆದುಹಾಕಲಾಗಿತ್ತು. ಅವಳ ನೋವಿನ ಒಂದು ಬೇರನ್ನೇ ಕಿತ್ತಂತಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಡೆಬೊರಾ ಮಾತಿನ ಚಿಕಿತ್ಸೆಯಿಂದ ಗುಣವಾದಳೆಂದು ಓದಿ, ಮಾತ್ರೆಗಳೇ ಬೇಡ ಎಂಬ ತೀರ್ಮಾನಕ್ಕೆ ಬರಬೇಡಿ. ಜೋನ್ ಆಸ್ಪತ್ರೆ ಸೇರಿದಾಗ ಈ ಕಾಯಿಲೆಗೆ ಇಂದಿನಂತಹ ಔಷಧಿಗಳೇ ಇರಲಿಲ್ಲ. ಕ್ಲೋರ್‌ಪ್ರೊಮಜಿನ್ ಎಂಬ ಮೊದಲ ಔಷಧಿ ಬಳಕೆಗೆ ಬಂದದ್ದು 1952ರಲ್ಲಿ. ಉದ್ರೇಕಗೊಂಡ ರೋಗಿಗಳನ್ನು ತಣ್ಣಗಿನ ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು ಅಂದಿನ ಪದ್ಧತಿಯಾಗಿತ್ತು. ಜೋನ್‌ಗೆ ಸ್ಕಿಜೋಫ್ರೇನಿಯಾ ಎಂದು ಅಂದು ವೈದ್ಯರು ಹೇಳಿದ್ದರು. ಆದರೆ ಕಾದಂಬರಿಯಲ್ಲಿರುವ ಲಕ್ಷಣಗಳು ಇಂದಿನ ಅಳತೆಗೋಲಿಗೆ ಹೊಂದುವುದಿಲ್ಲ ಎಂದು 1981ರಲ್ಲಿ ಇಬ್ಬರು ಅಮೆರಿಕನ್ ಮನೋವೈದ್ಯರು ವಾದಿಸಿದರು. ಆದ್ದರಿಂದ ಒಬ್ಬಳ ಕಥೆಯನ್ನು ಎಲ್ಲರ ಚಿಕಿತ್ಸೆಯೆಂದು ತಿಳಿಯಬಾರದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಮಾತ್ರೆಯೂ ಬೇಕು, ಕೇಳುವ ಕಿವಿಯೂ ಬೇಕು. ಮೊದಲನೆಯದನ್ನು ವೈದ್ಯರು ಬರೆದುಕೊಡುತ್ತಾರೆ. ಎರಡನೆಯದನ್ನು ಮನೆಯವರೂ ಕೊಡಬಹುದು.

ಮೂರು ವರ್ಷ ಖಾಸಗಿ ಆಸ್ಪತ್ರೆಯಲ್ಲಿಡುವ ಶಕ್ತಿ ನಮ್ಮ ಎಷ್ಟು ಕುಟುಂಬಗಳಿಗಿದೆ ಎಂದು ನೀವು ಕೇಳಬಹುದು. ಅದರ ಅಗತ್ಯವೂ ಎಲ್ಲರಿಗಿಲ್ಲ. ಆ ಚೆಸ್ಟ್‌ನಟ್ ಲಾಡ್ಜ್ ಕೂಡ 2001ರಲ್ಲಿ ಮುಚ್ಚಿತು. ಇಂದು ಹೆಚ್ಚಿನವರು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಹಳ್ಳಿಯವರ ಬಳಿಗೇ ಮಾನಸಿಕ ಚಿಕಿತ್ಸೆ ತಲುಪಬೇಕೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಅದು ನಿಷೇಧಿಸಿದೆ.

ತಾಯಿಯಾಗಿ, ಅಕ್ಕನಾಗಿ ನಾವೇನು ಮಾಡಬಹುದು? ಮಗಳ ನಿದ್ದೆ, ಊಟ, ಮಾತು ವಾರಗಟ್ಟಲೆ ಬದಲಾಗಿದ್ದರೆ ಗಮನಿಸಬಹುದು. ಸಾಯುವ ಮಾತನಾಡಿದರೆ ಹುಡುಗಾಟವೆಂದು ತಳ್ಳಿಹಾಕದೆ ಅವಳನ್ನು ಒಂಟಿಯಾಗಿ ಬಿಡದಿರಬಹುದು, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬಹುದು. ನೆರೆಮನೆಯಲ್ಲಿ ಇಂತಹ ಹುಡುಗಿಯಿದ್ದರೆ ಅವಳ ಬಗ್ಗೆ ಗುಸುಗುಸು ಮಾತನಾಡದೆ, ಆ ತಾಯಿಯನ್ನು ಒಮ್ಮೆ ಭೇಟಿಯಾಗಿ ಹತ್ತು ನಿಮಿಷ ಕುಳಿತು ಬರಬಹುದು. ಜ್ವರದ ಮನೆಗೆ ಕೊಂಡೊಯ್ಯುವ ಗಂಜಿಯನ್ನು ಆ ಮನೆಗೂ ಕೊಂಡೊಯ್ಯಬಹುದು.

ಆ ವೈದ್ಯೆ ಗುಲಾಬಿ ತೋಟದ ಭರವಸೆ ಕೊಡಲಿಲ್ಲ. ನಾವೂ ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಕೊಡಲಾರೆವು. ಆದರೆ ಕಾಯಿಲೆ ಬಂದಾಗ ನಿನ್ನನ್ನು ಬಚ್ಚಿಡುವುದಿಲ್ಲ, ನಿನ್ನ ಬಗ್ಗೆ ನಾಚುವುದಿಲ್ಲ ಎಂಬ ಮಾತನ್ನಂತೂ ಕೊಡಬಹುದಲ್ಲವೇ? ಇಂದೇ ಮುಚ್ಚಿದ ಆ ಕೋಣೆಯ ಬಾಗಿಲನ್ನು ಮೆಲ್ಲಗೆ ತಟ್ಟಿ. ಒಳಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಅವಳು ಮಾತನಾಡುವವರೆಗೆ ಕಾಯಿರಿ.